ಅಕ್ಕನ ಬಳೆಯ ಅಳತೆ

ಕನಸು ಬೀಳುತ್ತಿರುವಾಗಲೇ 'ಇದು ಕನಸು' ಎಂದು ತಿಳಿದುಕೊಳ್ಳುವ ವಿದ್ಯೆಯೊಂದುಂಟು. ಅದನ್ನು ನಾನು ಕಲಿತಿದ್ದೆ. ವರವೂ ಅಲ್ಲ, ಮಂತ್ರವೂ ಅಲ್ಲ. ಹಾರ್ಮೋನಿಯಂ ಕಲಿಯುವವರು ತಪ್ಪಿ ತಪ್ಪಿ ಕಲಿಯುವ ಹಾಗೆ ಕಲಿತದ್ದು. ಹೇಳಿದರೆ ಈಗಿನವರು ನಗುತ್ತಾರೆ, ನಗಲಿ. ಅದರಿಂದ ನನ್ನ ಮನೆಯಲ್ಲಿ ಏನಾಯಿತು ಎಂಬುದನ್ನು ಕೇಳಿದ ಮೇಲೆ ನಗುವವರು ಇದುವರೆಗೆ ನನಗೆ ಸಿಕ್ಕಿಲ್ಲ.

ಆಗ ನಾವು ಉರ್ವದಲ್ಲಿದ್ದೆವು. ಮನೆಯಲ್ಲಿ ಮೂರೇ ಜನ: ಅಮ್ಮ, ಅಮ್ಮನ ಅಣ್ಣ, ನಾನು. ನಮ್ಮದು ಅಳಿಯಸಂತಾನದ ಮನೆ, ಆದ್ದರಿಂದ ಯಜಮಾನಿಕೆ ಸೋದರಮಾವನದ್ದು. ಮಾವ ಹಂಚಿನ ಕಾರ್ಖಾನೆಯಲ್ಲಿ ಮೇಸ್ತ್ರಿ. ನಾನು ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಚಿಕ್ಕ ಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದೆ. ಯುದ್ಧ ಶುರುವಾಗುವುದಕ್ಕೆ ಮೊದಲಿನ ಮಾತು. ಹುಡುಗಿಯೊಬ್ಬಳು ಟೀಚರಾಗಿ ಕೊಡೆ ಹಿಡಿದು ರಸ್ತೆಯಲ್ಲಿ ಹೋದರೆ ಜನ ತಿರುಗಿ ನೋಡುತ್ತಿದ್ದ ಕಾಲ.

ಪಕ್ಕದ ಮನೆಯ ಬಾಯಮ್ಮ ಅದೇ ಶಾಲೆಯ ಟೀಚರು. ಕೊಂಕಣಿ ಮಾತಾಡುವ ಕ್ರಿಸ್ತಾನರು, ನನಗಿಂತ ಹತ್ತು ಹದಿನೈದು ವರ್ಷ ದೊಡ್ಡವರು, ಮದುವೆಯಾಗದವರು. ನಾವಿಬ್ಬರೂ ಜೊತೆಯಲ್ಲೇ ಶಾಲೆಗೆ ನಡೆಯುತ್ತಿದ್ದೆವು. ಒಂದು ದಿನ ಮಧ್ಯಾಹ್ನದ ಬಿಡುವಿನಲ್ಲಿ ಅವರು ಬೆಂಚಿಗೆ ಒರಗಿ ಹತ್ತು ನಿಮಿಷ ತೂಕಡಿಸಿ, ಕಣ್ಣು ಬಿಟ್ಟು, "ಇವತ್ತು ದೋಣಿಯನ್ನು ಮಗುಚಲಿಕ್ಕೆ ಬಿಡಲಿಲ್ಲ ಮಾರಾಯ್ತಿ" ಎಂದರು. ಯಾವ ದೋಣಿ ಎಂದು ಕೇಳಿದೆ. ಚಿಕ್ಕಂದಿನಿಂದ ಅವರಿಗೆ ಒಂದೇ ಕನಸಂತೆ, ಹೊಳೆ ಕಡಲು ಸೇರುವ ಅಳಿವೆಯಲ್ಲಿ ದೋಣಿ ಮಗುಚಿ ತಾನು ಮುಳುಗುವುದು. ಮೊದಮೊದಲು ಚೀರಿಕೊಂಡು ಏಳುತ್ತಿದ್ದರಂತೆ. ಒಮ್ಮೆ ಕನಸಿನ ದೋಣಿಯಲ್ಲೇ ಕೈಯಲ್ಲಿದ್ದ ಪ್ರಾರ್ಥನೆಯ ಪುಸ್ತಕ ತೆರೆದು ಓದಿದರಂತೆ. ಒಂದು ಸಾಲು ಓದಿ ನೀರಿನ ಕಡೆ ನೋಡಿ, ಮತ್ತೆ ಓದಿದರೆ ಅದೇ ಸಾಲಿನಲ್ಲಿ ಬೇರೆಯೇ ಮಾತುಗಳು. "ಆಗ ನಂಗೆ ಗೊತ್ತಾಯ್ತು, ಇದು ಕನಸು ಅಂತ. ಕನಸು ಅಂತ ಗೊತ್ತಾದ ಮೇಲೆ ಮುಳುಗುವುದು ಎಂತಕ್ಕೆ? ನೀರಿನ ಮೇಲೆ ನಡ್ಕೊಂಡು ದಡಕ್ಕೆ ಬಂದೆ."

ಅವರು ಸುಳ್ಳು ಹೇಳುವ ಪೈಕಿಯಲ್ಲ. ಸುಳ್ಳು ಹೇಳಿದರೆ ಶನಿವಾರ ಇಗರ್ಜಿಗೆ ಹೋಗಿ ಪಾದ್ರಿಗಳ ಹತ್ತಿರ ಒಪ್ಪಿಸಬೇಕಲ್ಲ ಎಂಬ ಉದಾಸೀನಕ್ಕಾದರೂ ನಿಜವನ್ನೇ ಹೇಳುವವರು.

"ಕನಸಿನಲ್ಲಿ ಎಚ್ಚರಾದರೆ ಬೇಕಾದಲ್ಲಿಗೆ ಹೋಗಬಹುದು. ಬೇಕಾದವರನ್ನು ಕರೀಬಹುದು. ನಾನು ನನ್ನ ಪಪ್ಪನನ್ನು ಎಷ್ಟು ಸಲ ಕರೆದಿದ್ದೇನೆ, ಗೊತ್ತುಂಟಾ?"

ಅವರ ಪಪ್ಪ ತೀರಿಕೊಂಡು ಎಷ್ಟೋ ಕಾಲವಾಗಿತ್ತು. ಆ ಮಾತು ನನ್ನ ಎದೆಗೆ ನೇರ ಬಂದು ನಾಟಿತು. ನನಗೂ ಕರೆಯಬೇಕಾದವಳೊಬ್ಬಳಿದ್ದಳು.

ನನಗೊಬ್ಬಳು ಅಕ್ಕ ಇದ್ದಳು. ನನಗಿಂತ ಎರಡು ವರ್ಷ ದೊಡ್ಡವಳು. ಅವಳಿಗೆ ಏಳು, ನನಗೆ ಐದು ಇರುವಾಗ ಅವಳಿಗೆ ಜ್ವರ ಬಂತು. ನನ್ನನ್ನು ನೆಂಟರ ಮನೆಗೆ ಕಳಿಸಿದರು. ಕೆಲವು ದಿನ ಕಳೆದು ವಾಪಸ್ ಬಂದಾಗ ಮನೆಯಲ್ಲಿ ಅಕ್ಕ ಇರಲಿಲ್ಲ. ಎಲ್ಲಿ ಎಂದು ಕೇಳಿದ್ದಕ್ಕೆ ಮಾವ ನನ್ನ ಕೈಗೆ ಬೆಲ್ಲದ ತುಂಡು ಕೊಟ್ಟರು. ಮತ್ತೆ ಕೇಳಿದರೆ ಮತ್ತೊಂದು ತುಂಡು. ಮೂರನೆಯ ಸಲ ಕೇಳಿದಾಗ ಅಮ್ಮ ಎದ್ದು ಒಳಗೆ ಹೋದಳು. ಅಲ್ಲಿಗೆ ನಾನು ಕೇಳುವುದು ನಿಂತಿತು. ಆಮೇಲೆ ಆ ಮನೆಯಲ್ಲಿ ಅವಳ ಹೆಸರನ್ನು ಯಾರೂ ಎತ್ತಲಿಲ್ಲ. ಫೋಟೋ ತೆಗೆಸುವುದೆಲ್ಲ ನಮ್ಮಂಥವರಿಗೆ ಆಗ ಎಲ್ಲಿತ್ತು? ದೊಡ್ಡವಳಾಗುತ್ತ ಬಂದ ಹಾಗೆ ನನಗೆ ಅವಳ ಮುಖವೇ ಮರೆತುಹೋಯಿತು. ನಡೆಯುವಾಗಿನ ಗೆಜ್ಜೆಯ ಸದ್ದು, ಜಡೆಯ ತುದಿಯ ಕೆಂಪು ಟೇಪು, ಇಷ್ಟೇ ಉಳಿದದ್ದು. ಸ್ವಂತ ಅಕ್ಕನ ಮುಖ ನೆನಪಿಲ್ಲ ಎಂಬುದು ನನಗೆ ಒಳಗೊಳಗೇ ನಾಚಿಕೆಯ ಸಂಗತಿಯಾಗಿತ್ತು. ಒಮ್ಮೆ, ಒಂದೇ ಒಂದು ಸಲ, ಆ ಮುಖವನ್ನು ನೋಡಬೇಕಿತ್ತು.

"ನನಗೂ ಕಲಿಸಿ" ಎಂದೆ.

ಬಾಯಮ್ಮ ಕಲಿಸಿದ ಕ್ರಮ ಹೀಗಿತ್ತು. ಎಚ್ಚರವಿರುವಾಗ ಎಲ್ಲೇ ಅಕ್ಷರ ಕಂಡರೂ ಓದಬೇಕು, ಮುಖ ತಿರುಗಿಸಬೇಕು, ಮತ್ತೆ ಓದಬೇಕು. ಓದಿ 'ಇದು ಕನಸಾ?' ಎಂದು ನಿಜವಾಗಿಯೂ ಕೇಳಿಕೊಳ್ಳಬೇಕು, ಸುಮ್ಮನೆ ಬಾಯಿಮಾತಿಗಲ್ಲ. ಎಚ್ಚರದಲ್ಲಿ ರೂಢಿಯಾದದ್ದು ಕನಸಿಗೂ ಹಿಂಬಾಲಿಸಿಕೊಂಡು ಬರುತ್ತದೆ. ಎರಡನೆಯದು, ಬೆಳಗಿನ ಜಾವ ಒಮ್ಮೆ ಎದ್ದು, ಮುಖಕ್ಕೆ ನೀರು ಹಾಕಿ, ಸ್ವಲ್ಪ ಹೊತ್ತು ಕೂತು, ಪುನಃ ಮಲಗಬೇಕು. ಆ ಎರಡನೆಯ ನಿದ್ದೆಯಲ್ಲೇ ಮೀನು ಬಲೆಗೆ ಬೀಳುವುದು. ಮೂರನೆಯದು, ಎದ್ದ ಕೂಡಲೇ ಕನಸನ್ನು ಯಾರಿಗಾದರೂ ಬಾಯಿಬಿಟ್ಟು ಹೇಳಬೇಕು. "ಹೇಳದಿದ್ದರೆ ಒಣಗಿಹೋಗ್ತದೆ. ನಾನು ನಮ್ಮ ಮಾಯ್‌ಗೆ ಹೇಳುವುದು. ನೀನು ನಿನ್ನ ಅಮ್ಮನಿಗೆ ಹೇಳು."

ಆ ಮೂರನೆಯ ಪಾಠ ಬಾಯಮ್ಮನ ಮನೆಗೆ ಸರಿಯಾದದ್ದೇ. ನಮ್ಮ ಮನೆಗೆ ಅದು ಎಂಥ ಬೆಂಕಿ ಎಂದು ಅವರಿಗೂ ಗೊತ್ತಿರಲಿಲ್ಲ, ನನಗೂ ಹೊಳೆಯಲಿಲ್ಲ.

ಅಭ್ಯಾಸ ಶುರುವಾಯಿತು. ಮಾವ ಕಾರ್ಖಾನೆಯ ಮೊದಲ ಕೂಗಿಗೆ ಎದ್ದು ಹೊರಡುತ್ತಿದ್ದರು. ನಾನೂ ಅದೇ ಕೂಗಿಗೆ ಎದ್ದು, ಮುಖ ತೊಳೆದು, ಮಾವ ಹೋದ ಮೇಲೆ ಮತ್ತೆ ಚಾಪೆಗೆ ಬೀಳುತ್ತಿದ್ದೆ. "ಮುಖ ತೊಳೆದು ಮಲಗುವವಳನ್ನು ಇವತ್ತೇ ಕಂಡದ್ದು" ಎಂದು ಅಮ್ಮ ಗೊಣಗುತ್ತಿದ್ದಳು. ಹಗಲಿಡೀ ನಾನು ಬೋರ್ಡು ಓದುವವಳು. ಉರ್ವದ ಮಾರ್ಕೆಟಿನಲ್ಲಿ ಸೋಡಾ ಅಂಗಡಿಯ ಬೋರ್ಡು ಓದುವುದು, ಮೀನಿನ ಬುಟ್ಟಿಗಳ ಕಡೆ ತಿರುಗುವುದು, ಮತ್ತೆ ಬೋರ್ಡು ಓದುವುದು. ಮೀನು ಮಾರುವ ಹೆಂಗಸೊಬ್ಬಳು, "ಟೀಚರೇ, ಅದರಲ್ಲಿ ಬಂಗುಡೆಯ ರೇಟು ಬರೆದಿಲ್ಲ, ಇಲ್ಲಿ ನೋಡಿ" ಎಂದಳು. ವಾರಗಟ್ಟಲೆ ಏನೂ ಆಗಲಿಲ್ಲ. ಕನಸು ಬೀಳುತ್ತಿತ್ತು, ಹಸು ಮಾತಾಡುತ್ತಿತ್ತು, ನಾನು ಅದಕ್ಕೆ ವಿನಯದಿಂದ ಉತ್ತರ ಕೊಡುತ್ತಿದ್ದೆ. ಕನಸು ಎಂದು ಮಾತ್ರ ಹೊಳೆಯುತ್ತಿರಲಿಲ್ಲ. ಎದ್ದ ಮೇಲೆ ಅಮ್ಮನ ಹತ್ತಿರ ಹಸುವಿನ ಕತೆ ಹೇಳುತ್ತಿದ್ದೆ. ಅವಳು ಒಲೆ ಊದುತ್ತ ಹೂಂ ಎನ್ನುತ್ತಿದ್ದಳು.

ಒಂದು ಬೆಳಿಗ್ಗೆ ಕನಸಿನಲ್ಲಿ ಪಾಠ ಮಾಡುತ್ತಿದ್ದೆ. ಬೋರ್ಡಿನ ಮೇಲೆ ನನ್ನದೇ ಅಕ್ಷರದಲ್ಲಿ 'ಮಳೆ ಬಂತು' ಎಂದಿತ್ತು. ರೂಢಿಯ ಬಲದಿಂದ ಮಕ್ಕಳ ಕಡೆ ತಿರುಗಿ, ಮತ್ತೆ ಬೋರ್ಡು ನೋಡಿದೆ. 'ಕಾಗೆ ಹೋಯಿತು' ಎಂದಿತ್ತು. ಯಾರೂ ಒರೆಸಿಲ್ಲ, ಬರೆದಿಲ್ಲ. ಆಗ ಆದ ಗಾಬರಿಯನ್ನು ಹೇಗೆ ಹೇಳಲಿ? ಇಡೀ ಶಾಲೆ, ಮಕ್ಕಳು, ನನ್ನ ಕೈಯ ಸೀಮೆಸುಣ್ಣ, ಯಾವುದೂ ಇಲ್ಲ, ಎಲ್ಲ ಇರುವ ಹಾಗೆ ಕಾಣುತ್ತದೆ ಅಷ್ಟೆ. ನಾನು ಉರ್ವದ ಮನೆಯಲ್ಲಿ ಚಾಪೆಯ ಮೇಲೆ ಬಿದ್ದುಕೊಂಡಿದ್ದೇನೆ, ಅದು ನನಗೆ ಗೊತ್ತುಂಟು! ಹೆದರಿಕೆಗೆ ಎಚ್ಚರವಾಗಿಯೇ ಹೋಯಿತು.

"ಹೆದರಿದರೆ ಹೊರಗೆ ಬೀಳ್ತೀ" ಎಂದರು ಬಾಯಮ್ಮ. "ಗೊತ್ತಾದ ಕೂಡಲೇ ಎರಡೂ ಅಂಗೈ ಉಜ್ಜು. ಉಜ್ಜಿ ಉಜ್ಜಿ ಅಲ್ಲೇ ನಿಲ್ಲು."

ಹಾಗೇ ಮಾಡಿದೆ. ಬಿದ್ದು ಎದ್ದು, ಒಂದೊಂದು ಸಲ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಲು ಬಂತು. ಸಾಕಷ್ಟು ಧೈರ್ಯ ಬಂದ ಮೇಲೆ ಒಂದು ದಿನ ಕನಸಿನೊಳಗೇ ಶಾಲೆಯಿಂದ ಇಳಿದು ಮನೆಗೆ ನಡೆದೆ, ಹಿತ್ತಿಲಿಗೆ ಹೋದೆ. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನಿಂತು "ಅಕ್ಕಾ" ಎಂದು ಕರೆದೆ. ಹದಿನಾಲ್ಕು ವರ್ಷಗಳ ನಂತರ ಆ ಶಬ್ದ ನನ್ನ ಬಾಯಿಂದ ಬಂದದ್ದು.

ಬಾವಿಯ ಹಿಂದಿನಿಂದ ಅವಳು ಬಂದಳು. ಏಳು ವರ್ಷದ ಹುಡುಗಿಯಲ್ಲ, ಬೆಳೆದ ಹೆಣ್ಣು. ನನ್ನಷ್ಟೇ ಎತ್ತರ. ಉದ್ದ ಜಡೆ, ಗೋಧಿ ಬಣ್ಣ, ತುಂಬಿದ ಕೆನ್ನೆ. ಮಾತಾಡಲಿಲ್ಲ, ನನ್ನನ್ನು ನೋಡಿ ನಕ್ಕಳು. ಕಣ್ಣಿಗೆ ಕಣ್ಣು ಕೊಟ್ಟು ನಿಂತೆ, ಅಂಗೈ ಉಜ್ಜುವುದನ್ನೂ ಮರೆತೆ. ಎಚ್ಚರವಾಯಿತು. ಕಣ್ಣೀರು ಕಿವಿಯವರೆಗೆ ಇಳಿದಿತ್ತು.

ಅಡುಗೆಮನೆಗೆ ಓಡಿದೆ. "ಅಮ್ಮಾ, ಅಕ್ಕನನ್ನು ನೋಡಿದೆ! ಅಕ್ಕ ಬಂದಿದ್ದಳು! ಎಷ್ಟು ದೊಡ್ಡವಳಾಗಿದ್ದಾಳೆ ಗೊತ್ತುಂಟಾ?"

ಅಮ್ಮನ ಕೈಯಿಂದ ಗಂಜಿಯ ಸೌಟು ಜಾರಿ ಬಿತ್ತು. "ಮೆಲ್ಲ" ಎಂದಳು. ನಾನು ಕೇಳಬೇಕಲ್ಲ! ಸಂತೋಷಕ್ಕೆ, ಆಶ್ಚರ್ಯಕ್ಕೆ ಸೌಟು ಬಿದ್ದಿತೆಂದು ತಿಳಿದು ಇನ್ನೂ ಗಟ್ಟಿಯಾಗಿ, ಜಡೆ ಹೀಗಿತ್ತು, ಬಣ್ಣ ಹೀಗಿತ್ತು, ನನ್ನನ್ನು ನೋಡಿ ನಕ್ಕಳು ಎಂದೆಲ್ಲ ಕೂಗಿ ಹೇಳಿದೆ. ಅಮ್ಮ ಎದ್ದು ಬಂದು ನನ್ನ ಬಾಯಿಯ ಮೇಲೆ ಕೈಯಿಟ್ಟಳು. ಅಷ್ಟರಲ್ಲಿ ಹೊತ್ತು ಮೀರಿತ್ತು. ಅಂದು ಕಾರ್ಖಾನೆಗೆ ರಜೆ. ಮಾವ ಚಾವಡಿಯಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದರು.

ಅವರು ಬಾಗಿಲಿಗೆ ಬಂದು ನಿಂತರು. "ಈಗ ಗೊತ್ತಾಯ್ತು, ತಡೆ ಎಲ್ಲಿ ಉಂಟು ಅಂತ" ಎಂದರು.

ತಡೆ ಎಂದರೆ ನನ್ನ ಮದುವೆಯದ್ದು. ಒಂದೆರಡು ವರ್ಷದಿಂದ ನನಗೆ ಗಂಡು ನೋಡುತ್ತಿದ್ದರು. ಎಲ್ಲ ಸರಿಯಾಗಿ, ಕೊನೆಯ ಗಳಿಗೆಗೆ ಏನಾದರೊಂದು ಅಡ್ಡ ಬಂದು, ಕೈಗೆ ಬಂದ ತುತ್ತು ಬಾಯಿಗೆ ಬರುತ್ತಿರಲಿಲ್ಲ. ನನಗೆ ಅದರ ಚಿಂತೆಯೇನೂ ಇರಲಿಲ್ಲ. ಮಾವನಿಗೆ ಮಾತ್ರ ಅದೇ ಚಿಂತೆ. ಇನ್ನು ನಮ್ಮ ಕಡೆಯ ನಂಬಿಕೆ ತಿಳಿಯದವರಿಗೆ ಹೇಳುತ್ತೇನೆ. ಚಿಕ್ಕ ಪ್ರಾಯದಲ್ಲಿ ಸತ್ತ ಮಕ್ಕಳು ಸತ್ತ ಮೇಲೂ ಬೆಳೆಯುತ್ತಾರೆ. ಪ್ರಾಯಕ್ಕೆ ಬಂದಾಗ ಮನೆಯವರ ಕನಸಿಗೆ ಬಂದು ಮದುವೆ ಕೇಳುತ್ತಾರೆ. ಮಾಡದಿದ್ದರೆ ಬದುಕಿರುವ ತಮ್ಮ ತಂಗಿಯರ ಮದುವೆ ನಡೆಯುವುದಿಲ್ಲ. ಆದ್ದರಿಂದ ಅದೇ ರೀತಿ ಸತ್ತ ಗಂಡೊಬ್ಬನನ್ನು ಹುಡುಕಿ, ಜಾತಿ, ಬಳಿ ಎಂದರೆ ತಾಯಿಯ ಕಡೆಯ ಕುಲ, ಎಲ್ಲ ನೋಡಿ, ಸತ್ತವಳಿಗೂ ಸತ್ತವನಿಗೂ ಶಾಸ್ತ್ರೋಕ್ತವಾಗಿ ಧಾರೆ ಎರೆದು ಕೊಡುತ್ತಾರೆ. ಕುಲೆ ಮದುವೆ ಎನ್ನುತ್ತಾರೆ ಅದನ್ನು. ಮದುವೆಯಾದ ಮೇಲೆ ಆ ಹೆಣ್ಣು ಗಂಡನ ಮನೆಯವಳು. ತವರಿನವರನ್ನು ಮತ್ತೆ ಕಾಡುವುದಿಲ್ಲ.

ನಾನು ಮಾವನಿಗೆ ಬಿಡಿಸಿ ಬಿಡಿಸಿ ಹೇಳಿದೆ. ಅವಳಾಗಿ ಬಂದದ್ದಲ್ಲ, ನಾನೇ ಕರೆದದ್ದು. ಅಭ್ಯಾಸ ಮಾಡಿ, ಬೋರ್ಡು ಓದಿ, ಮುಖ ತೊಳೆದು ಮಲಗಿ, ಕರೆದು ತರಿಸಿಕೊಂಡದ್ದು. ಅವರು ಸಮಾಧಾನದಿಂದಲೇ ಕೇಳಿದರು. "ಕರೆದರೆ ಬರುವುದಕ್ಕೆ ಅವಳು ಅಲ್ಲಿ ಇರಬೇಕಲ್ಲ, ಮಗಾ?" ಎಂದರು.

ಮಾವ ಜೋಯಿಸರಲ್ಲಿ ಪ್ರಶ್ನೆ ನೋಡಿಸಿದರು. ದೊಡ್ಡವಳು ಕೇಳುತ್ತಿದ್ದಾಳೆ ಎಂದೇ ಬಂತು. ಬಾಯಿಂದ ಬಾಯಿಗೆ ಸುದ್ದಿ ಹೋಗಿ, ಕಾವೂರಿನಲ್ಲಿ ಒಂದು ಮನೆ ಸಿಕ್ಕಿತು. ಅಲ್ಲಿನ ಹುಡುಗ ಎಂಟೊಂಬತ್ತು ವರ್ಷದವನಿರುವಾಗ ಸಿಡುಬಿನಲ್ಲಿ ಹೋದವನು. ಅವನ ತಾಯಿ ಹೆಣ್ಣು ಕೇಳಲು ನಮ್ಮ ಮನೆಗೆ ಬಂದರು. ಆ ಮಾತುಕತೆಯನ್ನು ನಾನು ಬಾಗಿಲ ಮರೆಯಲ್ಲಿ ನಿಂತು ಕೇಳಿದೆ. ಇಬ್ಬರೂ ತಾಯಂದಿರು ಎಲೆಯಡಿಕೆ ಹಾಕಿಕೊಂಡು ಎಷ್ಟು ಸಹಜವಾಗಿ ಮಾತಾಡುತ್ತಿದ್ದರು!

"ನಮ್ಮವನಿಗೆ ಹುಳಿ ಆಗುವುದಿಲ್ಲ" ಎಂದರು ಆ ಹೆಂಗಸು.

"ಇವಳಿಗೆ ಬೆಲ್ಲ ಸಿಕ್ಕಿದರೆ ಮತ್ತೆಂತ ಬೇಡ" ಎಂದಳು ನನ್ನಮ್ಮ.

"ನಮ್ಮವನಿಗೆ ಸಿಟ್ಟು ಸ್ವಲ್ಪ ಹೆಚ್ಚು. ಆದರೆ ಮನಸ್ಸು ಒಳ್ಳೆಯದು."

"ಇವಳೂ ಹಟದವಳೇ. ಸುಧಾರಿಸಿಕೊಂಡು ಹೋಗ್ತಾರೆ ಬಿಡಿ."

ಹದಿನಾಲ್ಕು ವರ್ಷ ಒಂದು ಸಲವೂ ಅಕ್ಕನ ಬಗ್ಗೆ ಬಾಯಿಬಿಡದ ಅಮ್ಮ ಪರಿಚಯವಿಲ್ಲದ ಹೆಂಗಸಿನ ಎದುರು ಮಗಳ ಗುಣ ಹೇಳುತ್ತಿದ್ದಳು. ಅದೂ ಬೇಡ, ಹಟದವಳೇ, ಎಂದು ಈಗಲೂ ಇರುವವಳ ಬಗ್ಗೆ ಹೇಳುವ ಮಾತುಗಳಲ್ಲಿ. ಇತ್ತು ಎಂದು ಒಮ್ಮೆಯೂ ಅನ್ನಲಿಲ್ಲ. ಆಟಿ ತಿಂಗಳಿಗೆ ದಿನ ಗೊತ್ತಾಯಿತು; ಬದುಕಿರುವವರ ಮದುವೆ ಯಾವುದೂ ನಡೆಯದ ಮಳೆಗಾಲದ ತಿಂಗಳು ಅದು.

ಮದುಮಗಳಿಗೆ ಸೀರೆ, ರವಿಕೆ, ಕರಿಮಣಿ, ಬಳೆ ಎಲ್ಲ ಆಗಬೇಕು. ಒಂದು ಸಂಜೆ ಅಮ್ಮ ನನ್ನ ಬಳಿ ಬಂದು ಕೂತಳು. "ಬಳೆ ಯಾವ ಅಳತೆಯದ್ದು ತರುವುದು? ದೊಡ್ಡವಳಾದ ಮೇಲೆ ಅವಳನ್ನು ನೋಡಿದವಳು ನೀನೊಬ್ಬಳೇ" ಎಂದಳು. ತಮಾಷೆಯೋ ಎಂದು ಮುಖ ನೋಡಿದೆ. ಅಲ್ಲ. "ನಾಳೆ ಬೆಳಿಗ್ಗೆ ಕರೀತೀಯಲ್ಲ? ಕೈ ಹಿಡಿದು ನೋಡಿ ಬಾ" ಎಂದಳು.

ಹೀಗೆ, ಅಂಗಡಿಗೆ ಹೋಗಿ ಉಪ್ಪು ತಾ ಎಂದ ಹಾಗೆ, ಅಮ್ಮ ನನ್ನನ್ನು ಕನಸಿಗೆ ಕಳಿಸಿದಳು.

ಅಷ್ಟರಲ್ಲಿ ನಾನು ಅಕ್ಕನನ್ನು ಹಲವು ಸಲ ಕರೆದಿದ್ದೆ. ಪ್ರತಿ ಸಲ ಅವಳು ಬಾವಿಯ ಹಿಂದಿನಿಂದ ಬರುತ್ತಿದ್ದಳು, ನಗುತ್ತಿದ್ದಳು. ನಾನು ಕಣ್ಣು ಕೀಳದೆ ನೋಡುತ್ತಿದ್ದೆ. ಆ ನೋಟವೇ ನನಗೆ ದಿನದ ಊಟವಾಗಿತ್ತು. ಮದುವೆಯಾದ ಮೇಲೆ ಅವಳು ಬರುವುದಿಲ್ಲ ಎಂದು ಎಲ್ಲರೂ ಹೇಳುವಾಗ, ಈ ಹುಚ್ಚು ನಂಬಿಕೆಗೆಲ್ಲ ನನ್ನ ಕನಸು ಸೊಪ್ಪು ಹಾಕುವುದಿಲ್ಲ ಎಂದು ಮೇಲೆ ಮೇಲೆ ಅಂದುಕೊಂಡರೂ ಒಳಗೆ ನಡುಗುತ್ತಿದ್ದೆ.

ಮರುದಿನ ಕೂಗಿಗೆ ಎದ್ದು, ಮಲಗಿ, ಕನಸಿನಲ್ಲಿ ಎಚ್ಚರಾಗಿ, ಹಿತ್ತಿಲಿಗೆ ಹೋಗಿ ಕರೆದೆ. ಬಂದಳು. ಕೈ ಚಾಚಿದೆ, ಅವಳೂ ಚಾಚಿದಳು. ಮಣಿಗಂಟನ್ನು ಹಿಡಿದು ಅಳೆಯಲು ಕಣ್ಣು ಕೆಳಗೆ ಮಾಡಿದೆ. ನನ್ನ ಬೆರಳುಗಳ ನಡುವೆ ಇದ್ದದ್ದು ಬಳೆ ತೊಡುವ ಹೆಣ್ಣಿನ ಕೈ. ಅದರಲ್ಲಿ ಹೆಬ್ಬೆರಳಿನ ಬುಡಕ್ಕೆ ಒಂದು ಸುಟ್ಟ ಕಲೆ. ಆ ಕಲೆ ನನಗೆ ಗೊತ್ತು. ಹೋದ ವರ್ಷ ಹಾಲು ಇಳಿಸುವಾಗ ಸುಟ್ಟುಕೊಂಡದ್ದು, ನಾನು.

ತಲೆ ಎತ್ತಿ ಮತ್ತೆ ಅವಳ ಮುಖ ನೋಡಿದೆ.

ಅಕ್ಷರವನ್ನು ಎರಡು ಸಲ ನೋಡುತ್ತಿದ್ದೆ, ಬೋರ್ಡನ್ನು ನೋಡುತ್ತಿದ್ದೆ. ಅಷ್ಟು ದಿನಗಳಲ್ಲಿ ಒಮ್ಮೆಯಾದರೂ ಆ ಮುಖದಿಂದ ಕಣ್ಣು ತೆಗೆದು ಮತ್ತೆ ನೋಡಿದವಳಲ್ಲ ನಾನು. ಈಗ ನೋಡಿದರೆ ನನ್ನೆದುರು ನಿಂತದ್ದು ನಾನು. ನನ್ನ ಕಣ್ಣು, ನನ್ನ ಕೆನ್ನೆ, ನನ್ನ ಬೈತಲೆ. ನೆಲ ನೋಡಿ ಮತ್ತೆ ನೋಡಿದೆ. ಆಗ ಮುಖವಿರಬೇಕಾದಲ್ಲಿ ಏನೂ ಇರಲಿಲ್ಲ, ತಟ್ಟೆಯ ಹಾಗೆ ಬರಿದಾಗಿತ್ತು. ನಾನು ಕೂಗಿಕೊಂಡು ಎದ್ದೆ.

ಅಕ್ಕನ ಮುಖ ನನಗೆ ನೆನಪಿರಲಿಲ್ಲವಲ್ಲ; ಇಲ್ಲದ ಮುಖವನ್ನು ಕನಸು ಎಲ್ಲಿಂದ ತರಬೇಕು? ಕನ್ನಡಿಯಲ್ಲಿ ಕಂಡದ್ದನ್ನೇ ತಂದು ಕೊಟ್ಟಿತ್ತು. ನನ್ನ ಮುಖಕ್ಕೇ ಮರುಳಾಗಿ ಅಷ್ಟು ದಿನ ಅತ್ತಿದ್ದೆ. ಆ ಮುಖವನ್ನು ನಂಬಿ ಒಂದು ಮದುವೆ ಗೊತ್ತಾಗಿತ್ತು.

ಅಮ್ಮ ಒಲೆಯ ಎದುರು ಕೂತಿದ್ದಳು. "ಅಮ್ಮಾ, ಅದು ಅಕ್ಕ ಅಲ್ಲ" ಎಂದೆ. "ನಾನೇ. ನಾನು ನೋಡಿದ್ದು ನನ್ನನ್ನೇ. ಅಕ್ಕ ಒಂದು ದಿನವೂ ಬಂದಿಲ್ಲ. ಮಾವನಿಗೆ ಹೇಳುವ, ಮದುವೆ ಬೇಡ ಅಂತ ಹೇಳುವ."

ಅಮ್ಮ ಬೆಂಕಿಯನ್ನು ಸ್ವಲ್ಪ ಹಿಂದಕ್ಕೆ ಎಳೆದಳು. ಆಮೇಲೆ, "ನನಗೆ ಗೊತ್ತುಂಟು" ಎಂದಳು.

"ಎಂತ ಗೊತ್ತುಂಟು?"

"ನೀನು ಹೇಳಿದ ದಿನವೇ ಗೊತ್ತಾಗಿದೆ. ನೀನೇ ಕಂಡುಕೊಳ್ಳಲಿ ಅಂತ ಅಳತೆಗೆ ಕಳಿಸಿದ್ದು. ಅವಳು ದೊಡ್ಡವಳಾಗಲಿಲ್ಲ, ಮಗಾ. ಈಗಲೂ ಅಷ್ಟೇ ಇದ್ದಾಳೆ. ಎದುರಿನ ಹಲ್ಲು ಬಿದ್ದದ್ದು ಇನ್ನೂ ಬಂದಿಲ್ಲ."

ನಾನು ಅವಳ ಪಕ್ಕದಲ್ಲಿ ಕೂತೆ.

"ದಿನಾ ಬರ್ತಾಳೆ" ಎಂದಳು ಅಮ್ಮ. "ಹೋದ ತಿಂಗಳಿಂದ ಅಲ್ಲ, ಅವಳು ಹೋದಾಗಿನಿಂದ. ಬಂದು ಇಲ್ಲಿ, ನನ್ನ ಮಗ್ಗುಲಲ್ಲಿ ಮಲಗ್ತಾಳೆ. ಬೆಲ್ಲ ಕೇಳ್ತಾಳೆ. ತಂಗಿ ಎಲ್ಲಿ ಅಂತ ಕೇಳ್ತಾಳೆ. ನಾನು ಯಾರಿಗೂ ಹೇಳಲಿಲ್ಲ. ಹೇಳಿದರೆ ಮದುವೆ ಮಾಡಿ ಕಳಿಸಿಬಿಡ್ತಾರೆ ಅಂತ ಹೇಳಲಿಲ್ಲ."

ಗಂಜಿ ಉಕ್ಕಿ ಒಲೆಗೆ ಸುರಿಯಿತು. ಇಬ್ಬರೂ ಏಳಲಿಲ್ಲ. ಯಾವ ಅಭ್ಯಾಸವೂ ಇಲ್ಲದೆ, ಬೋರ್ಡು ಓದದೆ, ಓದಲು ಅಕ್ಷರವೇ ಬಾರದೆ ಇದ್ದ ನನ್ನ ಅಮ್ಮ ಹದಿನಾಲ್ಕು ವರ್ಷ ಪ್ರತಿದಿನ ಮಗಳನ್ನು ನೋಡುತ್ತಿದ್ದಳು. ಬಾಯಿ ಮುಚ್ಚಿಕೊಂಡಿದ್ದೇ ಅವಳನ್ನು ಉಳಿಸಿಕೊಂಡಿದ್ದಳು. ಆ ಮನೆಯ ಮೌನವನ್ನು ಮರೆವು ಎಂದು ನಾನು ಅಷ್ಟು ವರ್ಷ ತಿಳಿದಿದ್ದೆ.

"ಹಾಗಾದರೆ ಬೇಡ ಅಂತ ಹೇಳಮ್ಮ! ಈಗಲಾದರೂ ಹೇಳು!" ಎಂದು ಅವಳ ಭುಜ ಹಿಡಿದು ಅಲ್ಲಾಡಿಸಿದೆ.

"ಎಂತ ಹೇಳುವುದು? ದಿನಾ ಬರ್ತಾಳೆ ಅಂತ ಹೇಳಿದರೆ ಅಣ್ಣ ಇವತ್ತೇ ಮದುವೆ ಮಾಡಿಸಿಯಾರು. ಬರುವುದೇ ಇಲ್ಲ ಅಂದರೆ ಯಾರೂ ನಂಬುವುದಿಲ್ಲ." ಉಕ್ಕಿದ ಗಂಜಿಯ ಪಾತ್ರೆಯನ್ನು ಇಳಿಸುತ್ತ ಅಂದಳು, "ಆ ಕಾವೂರಿನ ಹೆಂಗಸಿಗೆ ಅವಳ ಹುಡುಗ ಒಂದು ಸಲವೂ ಕನಸಿಗೆ ಬರಲಿಲ್ಲವಂತೆ. ಸೊಸೆ ಬಂದರೆ ಅವಳ ಹಿಂದೆ ಅವನೂ ಬಂದಾನು ಅಂತ ಆಸೆ ಅದಕ್ಕೆ. ನಿನಗೂ ಒಂದು ಮನೆ ಆಗಬೇಕು. ಇಟ್ಟುಕೊಂಡದ್ದು ಸಾಕು."

ಆಮೇಲೆ ನನ್ನ ಕೈ ಹಿಡಿದು ತಿರುಗಿಸಿ ನೋಡಿ, "ನಿನ್ನ ಅಳತೆಯದ್ದೇ ತರ್ತೇನೆ. ಜನಕ್ಕೆ ಕಾಣಲಿಕ್ಕೆ ಅದೇ ಸರಿ" ಎಂದಳು.

ಕುಲೆ ಮದುವೆಯನ್ನು ಮಕ್ಕಳೂ ಮದುವೆಯಾಗದವರೂ ನೋಡಬಾರದು. ಆದ್ದರಿಂದ ಆ ದಿನ ನನ್ನನ್ನು ಬಾಯಮ್ಮನ ಮನೆಗೆ ಕಳಿಸಿದರು. ಹೊರಡುವ ಮೊದಲು ಮದುಮಗಳ ಗಂಟನ್ನು ಕಟ್ಟಲು ಅಮ್ಮನಿಗೆ ಕೈಜೋಡಿಸಿದೆ. ಉದ್ದ ಸೀರೆ, ನನ್ನ ಅಳತೆಯ ರವಿಕೆ, ನನ್ನ ಅಳತೆಯ ಬಳೆ. ಎಲ್ಲದರ ಅಡಿಗೆ ಅಮ್ಮ ಒಂದು ಮೊಣಕಾಲುದ್ದದ ಹಳೆಯ ಲಂಗವನ್ನು ಮಡಚಿ ಇಟ್ಟಳು. ನಾನು ನೋಡುತ್ತಿದ್ದಂತೆಯೇ ಗಂಟನ್ನು ಬಿಗಿದಳು.

ಬಾಯಮ್ಮನ ಮನೆಗೆ ನಮ್ಮ ಅಂಗಳದ ಸದ್ದೆಲ್ಲ ಕೇಳುತ್ತಿತ್ತು. ಎರಡು ಮಣೆ ಇಟ್ಟಿದ್ದಾರಂತೆ, ಒಂದರ ಮೇಲೆ ಸೀರೆ, ಇನ್ನೊಂದರ ಮೇಲೆ ಮುಂಡು ಶಾಲು. ಧಾರೆಗೆ ಸಮಯವಾಯಿತು ಎಂದು ಮಾವ ಕರೆದದ್ದು ಕೇಳಿಸಿತು. ಹೆಂಗಸರ ಗಲಗಲ, ಕೋಳಿಸಾರಿನ ಪರಿಮಳ, ಯಾರೋ ನಕ್ಕದ್ದು. ಕಣ್ಣು ಮುಚ್ಚಿದರೆ ಯಾವುದೇ ಮದುವೆಮನೆ. ಬಾಯಮ್ಮ ಜಪಸರ ಹಿಡಿದುಕೊಂಡು ಬಿಳಿಚಿಕೊಂಡಿದ್ದರು. "ಯಾರಿಗಾದರೂ ಹೇಳು ಅಂತ ನಾನು ಹೇಳಬಾರದಿತ್ತಾ, ಹೇಳು" ಎಂದು ಪುನಃ ಪುನಃ ಕೇಳಿದರು. ಅಮ್ಮನ ಸಂಗತಿ ಅವರಿಗೆ ಗೊತ್ತಿಲ್ಲದ್ದು ಒಳ್ಳೆಯದಾಯಿತು ಎಂದುಕೊಂಡೆ.

ಸಂಜೆ ದಿಬ್ಬಣ ಹೊರಟಿತು. ಮದುವೆ ನೋಡಬಾರದು ಎಂದಿದ್ದರೇ ಹೊರತು ರಸ್ತೆ ನೋಡಬಾರದು ಎಂದಿರಲಿಲ್ಲ. ಕಿಟಕಿಯಿಂದ ನೋಡಿದೆ. ಕಾವೂರಿನ ಹೆಂಗಸು ಮಳೆಯಲ್ಲಿ ಓಲೆಕೊಡೆ ಹಿಡಿದು, ಆ ಗಂಟನ್ನು ಎದೆಗೆ ಒತ್ತಿಕೊಂಡು, ಕಾಲಡಿ ನೋಡಿ ನೋಡಿ ಇಡುತ್ತ ನಡೆಯುತ್ತಿದ್ದರು. ಎಳೆಯ ಮಗುವನ್ನು ಎತ್ತಿಕೊಂಡು ಕೆಸರಿನಲ್ಲಿ ನಡೆಯುವವರು ಹಾಗೆಯೇ ನಡೆಯುವುದು. ಅಮ್ಮ ಅಂಗಳದ ತುದಿಯವರೆಗೆ ಹೋಗಿ ನಿಂತಿದ್ದಳು.

ಅದಾದ ಮೇಲೆ ನಾನು ಒಂದೆರಡು ಸಲ ಕನಸಿನಲ್ಲಿ ಎಚ್ಚರಾದೆ. ಹಿತ್ತಿಲಿಗೆ ಹೋಗುವ ಧೈರ್ಯ ಬರಲಿಲ್ಲ. ಕರೆದರೆ ಮತ್ತೆ ನಾನೇ ಬಂದೇನು ಎಂಬ ಭಯ. ಬೆಳಿಗ್ಗೆ ಎದ್ದು ಮಲಗುವುದನ್ನು ಬಿಟ್ಟೆ. ವಿದ್ಯೆ ತಾನಾಗಿಯೇ ತುಕ್ಕು ಹಿಡಿದು ಹೋಯಿತು. ಕೆಲವು ದಿನಗಳ ನಂತರ, ಮಾವ ಇಲ್ಲದ ಹೊತ್ತು ನೋಡಿ, ಅಮ್ಮನನ್ನು ಮೆಲ್ಲಗೆ ಕೇಳಿದೆ: "ಬಂದಳಾ?"

ಅಮ್ಮ ಅಕ್ಕಿ ಆರಿಸುತ್ತಿದ್ದಳು. ಕೈ ನಿಲ್ಲಿಸಲಿಲ್ಲ. "ಕೊಟ್ಟ ಹೆಣ್ಣು ದಿನಾ ಬರುವುದುಂಟಾ?" ಎಂದಳು. ಅಂಥದೆಲ್ಲ ನಮ್ಮ ಮನಸ್ಸಿನ ಆಟ ಎಂದು ಶಾಲೆಯಲ್ಲಿ ವಾದ ಮಾಡುತ್ತಿದ್ದವಳು ನಾನು. ಮನಸ್ಸಿನ ಆಟವಾದರೆ ಅದು ಮಾವನ ಶಾಸ್ತ್ರಕ್ಕೆ ಏಕೆ ಬಗ್ಗಬೇಕು, ಹದಿನಾಲ್ಕು ವರ್ಷ ಬಂದವಳು ಒಂದು ಧಾರೆಯ ನೀರಿಗೆ ಹೇಗೆ ನಿಂತುಹೋಗಬೇಕು? ಇಂದಿಗೂ ನನಗೆ ಉತ್ತರ ಗೊತ್ತಿಲ್ಲ.

ಮಾವ ಹೇಳಿದ ಹಾಗೆಯೇ ತಡೆ ಕಳೆಯಿತು. ಆ ವರ್ಷವೇ ನನಗೆ ಸುರತ್ಕಲ್ಲಿನ ಕಡೆಯ ಸಂಬಂಧ ಕೂಡಿಬಂತು. ಒಳ್ಳೆಯ ಮನೆ, ಒಳ್ಳೆಯ ಗಂಡ. ಆ ವಿಚಾರದಲ್ಲಿ ನನಗೆ ದೂರೇನೂ ಇಲ್ಲ.

ಹೊಸ ಮದುಮಗಳು ಮದುವೆಯಾದ ಮೇಲಿನ ಮೊದಲ ಆಟಿಯನ್ನು ತಾಯಿಯ ಮನೆಯಲ್ಲಿ ಕಳೆಯಬೇಕು, ಅದು ನಮ್ಮಲ್ಲಿ ಕ್ರಮ. ಮಳೆ ಸ್ವಲ್ಪ ಬಿಟ್ಟ ಒಂದು ಬೆಳಿಗ್ಗೆ ಬಸ್ಸು ಇಳಿದು, ಕೊಡೆ ಬಿಡಿಸಿಕೊಂಡು ಮನೆಗೆ ನಡೆದೆ. ಅಮ್ಮ ಜಗಲಿಯಲ್ಲೇ ಕಾಯುತ್ತಿದ್ದಳು. ಒಂದೇ ವರ್ಷದಲ್ಲಿ ಎಷ್ಟು ಇಳಿದುಹೋಗಿದ್ದಳು! ಒಳಗೆ ಕಣ್ಣು ಹಾಯಿಸಿದರೆ ಚಾವಡಿಯಲ್ಲಿ ಅಕ್ಕಪಕ್ಕ ಎರಡು ಚಾಪೆ ಹಾಸಿದ್ದವು, ಒಂದು ಉದ್ದದ್ದು, ಒಂದು ಗಿಡ್ಡ. ಗಿಡ್ಡ ಚಾಪೆಯ ತಲೆಗೆ ಬೆಲ್ಲದ ಡಬ್ಬಿ.

ಅಮ್ಮ ನನ್ನ ಗಲ್ಲ ಮುಟ್ಟಿದಳು. ಆಮೇಲೆ ನನ್ನನ್ನು ದಾಟಿ, ನಾನು ಬಂದ ದಾರಿಯನ್ನು ತುದಿಯವರೆಗೂ ನೋಡಿದಳು.

"ನೀನೊಬ್ಬಳೇ ಬಂದದ್ದಾ?" ಎಂದು ಕೇಳಿದಳು. "ಅವಳಿಗೂ ಇದು ಮೊದಲ ಆಟಿಯಲ್ಲವಾ?"